ಮಾತಿನ ಬಾಲದಲ್ಲಿ ಜೀವ ಇದೆ
(ನಮ್ಮ ಸಂಘದ ರಾಜ್ಯೋತ್ಸವದಲ್ಲಿ ಆಡಿದ ಮಾತು)



ರಾಜ್ಯೋತ್ಸವದ ದಿನ ಇವನ್ಯಾಕೆ ಕ್ಲಿಂಗನ್ ಭಾಷೆ ಎತ್ತಿಕೊಂಡ ಅಂತ ನಗಬೇಡಿ. ನಾನು ಐಟಿಐ ಓದಿದ ಎಲೆಕ್ಟ್ರಿಷಿಯನ್, ಪಂಡಿತನಲ್ಲ. ಕ್ಯಾಂಪಿನಲ್ಲಿ ರಾತ್ರಿ ಹೊತ್ತು ಸ್ಟಾರ್ ಟ್ರೆಕ್ ನೋಡ್ತಾ ನೋಡ್ತಾ ಇದರ ರುಚಿ ಹತ್ತಿತು.

ಕ್ಲಿಂಗನ್ನರು ಆ ಕಥೆಯಲ್ಲಿ ಬರೋ ಬೇರೆ ಗ್ರಹದ ಯುದ್ಧವೀರರು. 1984ರ ಸಿನಿಮಾಕ್ಕೆ ಅವರ ಭಾಷೆಯನ್ನು ಕಟ್ಟಿಕೊಟ್ಟವರು ಅಮೆರಿಕದ ಭಾಷಾವಿಜ್ಞಾನಿ ಮಾರ್ಕ್ ಓಕ್ರಾಂಡ್. 1985ರಲ್ಲಿ ಅದರ ನಿಘಂಟು, ವ್ಯಾಕರಣ ಎರಡೂ ಸೇರಿ ಪುಸ್ತಕವಾಗಿ ಬಂತು.

ಈ ಭಾಷೆಯ ಸೊಗಸೆಲ್ಲ ಪ್ರತ್ಯಯದಲ್ಲಿದೆ. ನಾಮಪದಕ್ಕೆ ಐದು ಗುಂಪು, ಕ್ರಿಯಾಪದಕ್ಕೆ ಒಂಬತ್ತು ಗುಂಪು. ಒಂದು ಗುಂಪಿನಿಂದ ಒಂದೇ ಪ್ರತ್ಯಯ, ಅದೂ ಕ್ರಮ ತಪ್ಪದೆ. ನಾವು ‘ಮನೆಗಳಲ್ಲಿ’ ಅಂತೀವಿ, ‘ಮನೆಯಲ್ಲಿಗಳು’ ಅನ್ನಲ್ಲ ನೋಡಿ, ಹಾಗೇ. ‘ಖಾಗ್’ ಅಂದ್ರೆ ತಪ್ಪು. ‘ಖಾಗ್-ಹೋಮ್-ಮೆಯ್-ಹೆಯ್-ಲಿಜ್-ಮೋ’ ಅಂದ್ರೆ ‘ನಿನ್ನವು ಅಂತ ಕಾಣುವ ಸಣ್ಣಪುಟ್ಟ ತಪ್ಪುಗಳಿಂದಾಗಿ’. ಒಂದೇ ಪದ! ‘ರೋಜ್’ ಅಂದ್ರೆ ಶಾಂತಿ. ಅದಕ್ಕೆ ‘ಕೋಕ್’ ಸೇರಿಸಿದ್ರೆ ‘ಶಾಂತಿಯಂತೆ ಶಾಂತಿ!’ ಅಂತ ಮೂಗು ಮುರಿದ ಹಾಗೆ.

ನನಗೆ ತುಂಬಾ ಹಿಡಿಸಿದ್ದು ಕ್ರಿಯಾಪದದ ಆರನೇ ಗುಂಪು. ಹೇಳೋನಿಗೆ ಎಷ್ಟು ಖಾತ್ರಿ ಇದೆ ಅನ್ನೋದನ್ನ ಅದು ಹೇಳುತ್ತೆ. ‘ಖಾಪ್’ ಅಂದ್ರೆ ಕೆಲಸ ಮಾಡುತ್ತೆ. ‘ಖಾಪ್-ಲೌ’ ಅಂದ್ರೆ ಮಾಡುತ್ತೆ ಅನ್ಸುತ್ತೆ. ‘ಖಾಪ್-ಬೆಜ್’ ಅಂದ್ರೆ ಖಂಡಿತ ಮಾಡುತ್ತೆ. ‘ಖಾಪ್-ಚು’ ಅಂದ್ರೆ ಒಂದಿಷ್ಟೂ ಕುಂದಿಲ್ಲದೆ ಮಾಡುತ್ತೆ. ಒಂದು ಫ್ಯಾನ್ ರಿಪೇರಿ ಮಾಡಿ ಕೊಡುವಾಗ ಈ ಮೂರರಲ್ಲಿ ಯಾವುದು ಹೇಳ್ತೀವೋ ಅದರ ಮೇಲೆ ನಮ್ಮ ಮರ್ಯಾದೆ ನಿಂತಿರುತ್ತೆ.

ಈಗ ನಮ್ಮ ಸೈಟಿಗೆ ಬನ್ನಿ. ನಮ್ಮವರು, ಕೇರಳದವರು, ಬಿಹಾರದವರು, ನೇಪಾಳದವರು ಎಲ್ಲ ಇದ್ದೀವಿ. ಎಲ್ಲರಿಗೂ ಗೊತ್ತಿರೋದು ಹರಕುಮುರುಕು ಹಿಂದಿ. ಕೂಗಿ ಕೇಳಿದ್ರೆ ‘ಲೈನ್ ಬಂದ್’ ಅಂತಾರೆ, ಅಷ್ಟೇ. ಆ ಮಾತಿಗೆ ಬಾಲವೇ ಇಲ್ಲ. ಅವನೇ ಬ್ರೇಕರ್ ಇಳಿಸಿ ಬೀಗ ಹಾಕಿದ್ದಾನಾ? ಫೋರ್‌ಮನ್ ಹೇಳಿದ್ದನ್ನ ದಾಟಿಸ್ತಿದ್ದಾನಾ? ಲೈಟ್ ಉರೀತಿಲ್ಲ ಅಂತ ಊಹೆ ಮಾಡಿದ್ದಾನಾ? ವೈರ್ ಮುಟ್ಟೋನಿಗೆ ಈ ಮೂರಕ್ಕೂ ಇರೋ ವ್ಯತ್ಯಾಸ ಜೀವದ್ದು.

ಕನ್ನಡದಲ್ಲಾದ್ರೆ ಮಾತು ಮುಗಿಯೋದ್ರೊಳಗೆ ಗೊತ್ತಾಗುತ್ತೆ. ‘ಆಫ್ ಮಾಡಿದ್ದೀನಿ’ ಅಂದ್ರೆ ಕಣ್ಣಾರೆ ಕಂಡಿದ್ದು. ‘ಆಫ್ ಆಗಿರಬೇಕು’ ಅಂದ್ರೆ ಊಹೆ. ‘ಆಫ್ ಆಗಿದೆಯಂತೆ’ ಅಂದ್ರೆ ಬೇರೆಯವರ ಮಾತು. ಕ್ಲಿಂಗನ್ನಿನ ಆರನೇ ಗುಂಪಿನಲ್ಲಿ ಈ ‘ಅಂತೆ’ಗೆ ಸರಿಜೋಡಿ ಇಲ್ಲ. ‘ಲೌ’ ಅನುಮಾನ ತೋರಿಸುತ್ತೆ, ಮಾತು ಯಾರದು ಅಂತ ಹೇಳಲ್ಲ. ನಮ್ಮ ಅಜ್ಜಿಯಂದಿರು ದಿನಾ ಆಡಿದ ಆ ಎರಡಕ್ಷರ ಅಷ್ಟು ಬೆಲೆಬಾಳುತ್ತೆ.

ಇನ್ನೊಂದು ವಿಷಯ. ಕ್ಲಿಂಗನ್ನಿನಲ್ಲಿ ‘ವಿಪ್’ ಅಂದ್ರೆ ಆ ಕೆಲಸ ಮಾಡೋಕೆ ಭಯ. ‘ಜಾಹ್-ವಿಪ್-ಬೆ’ ಅಂದ್ರೆ ಅವನಿಗೆ ಹೋಗೋಕೆ ಭಯವಿಲ್ಲ. ‘ಜಾಹ್-ಬೆ-ವಿಪ್’ ಅಂದ್ರೆ ಹೋಗದೆ ಇರೋಕೆ ಭಯ. ಇಲ್ಲ ಅನ್ನೋ ‘ಬೆ’ ಜಾಗ ಬದಲಾದ್ರೆ ಅರ್ಥವೇ ಬೇರೆ. ಆದರೆ ಈ ‘ವಿಪ್’ ಅನ್ನು ‘ನಾನು’, ‘ನಾವು’ ಜೊತೆ ಸೇರಿಸೋದು ವ್ಯಾಕರಣದಲ್ಲಿ ಸರಿಯಿದ್ದರೂ ಅವರ ಸಮಾಜದಲ್ಲಿ ನಿಷಿದ್ಧ. ವೀರರು ‘ನನಗೆ ಭಯ’ ಅನ್ನಬಾರದಂತೆ.

ನಾವು ಹಾಗಿರೋದು ಬೇಡ. ಹೊಸದಾಗಿ ಬಂದಿರೋ ಹುಡುಗರಿಗೆ ನನ್ನ ಮಾತಿಷ್ಟೇ: ಭಯವಿದ್ರೆ ‘ಭಯ ಆಗ್ತಿದೆ ಅಣ್ಣ’ ಅನ್ನಿ. ‘ಬಂದ್’ ಅಂತ ಯಾರೇ ಅಂದ್ರೂ ‘ನೀನೇ ಇಳಿಸಿದ್ಯಾ, ಯಾರಾದ್ರೂ ಹೇಳಿದ್ರಾ?’ ಅಂತ ಕೇಳಿ. ಆಮೇಲೂ ಟೆಸ್ಟರ್ ಇಟ್ಟು ನೋಡಿಯೇ ಕೈ ಹಾಕಿ. ಇಲ್ಲಿ ಬೆಳೀತಿರೋ ಮಕ್ಕಳಿಗೆ ಕನ್ನಡ ಕಲಿಸುವಾಗ ಬರೀ ಪದಗಳನ್ನಲ್ಲ, ಈ ಬಾಲಗಳನ್ನೂ ಕಲಿಸಿ.

ಜೈ ಕರ್ನಾಟಕ.