ಬೀದಿಯ ಹಿಂದಿ, ಶಾಲೆಯ ಇಂಗ್ಲಿಷ್



ದಕ್ಷಿಣ ಕನ್ನಡದ ಹಳ್ಳಿಯೊಂದರಿಂದ ಮುಂಬಯಿಗೆ ಬಂದು, ಉಡುಪಿ ಹೋಟೆಲಿನಲ್ಲಿ ಮೊದಲು ಲೋಟ ತೊಳೆದು, ತರುವಾಯ ಮೇಜು ಒರೆಸಿ, ಕ್ರಮೇಣ ಸಪ್ಲಾಯರನಾಗಿ, ಕಡೆಗೆ ಗಲ್ಲೆಯ ಮೇಲೆ ಕುಳಿತುಕೊಳ್ಳುವ ಯೋಗ್ಯತೆಯನ್ನು ಸಂಪಾದಿಸಿದ ಹುಡುಗನನ್ನು ಈ ನಗರದ ಕನ್ನಡಿಗರಲ್ಲಿ ಅರಿಯದವರಿಲ್ಲ. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ, ಶಾಲೆಯಲ್ಲಿ ಕನ್ನಡವನ್ನು ಓದಿ ಬಂದ ಅವನು, ಇಲ್ಲಿಗೆ ಬಂದು ಒಂದೆರಡು ಮಳೆಗಾಲ ಕಳೆಯುವುದರೊಳಗೆ ಹಿಂದಿಯನ್ನು ಸರಾಗವಾಗಿಯೂ ಮರಾಠಿಯನ್ನು ವ್ಯವಹಾರಕ್ಕೆ ಸಾಕಾಗುವಷ್ಟೂ ಆಡಬಲ್ಲವನಾಗುತ್ತಾನೆ. ಆದರೆ ಅದೇ ಹುಡುಗನು ರಾತ್ರಿಶಾಲೆಯಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಓದಿ, ಎಸ್.ಎಸ್.ಸಿ. ಪರೀಕ್ಷೆಯನ್ನು ದಾಟಿದ ಮೇಲೆಯೂ, ಬ್ಯಾಂಕಿನಿಂದ ಬಂದ ಇಂಗ್ಲಿಷ್ ಪತ್ರವೊಂದನ್ನು ಓದಿಸಿಕೊಳ್ಳುವುದಕ್ಕೆ ಮತ್ತೊಬ್ಬರನ್ನು ಹುಡುಕಿಕೊಂಡು ಹೋಗುವ ಪ್ರಸಂಗವು ಇಂದಿಗೂ ತಪ್ಪಿಲ್ಲ. ಬುದ್ಧಿಯ ಕೊರತೆಯೇ ಇದಕ್ಕೆ ಕಾರಣವಾಗಿದ್ದರೆ ಅವನಿಗೆ ಹಿಂದಿಯೂ ಬರಬಾರದಾಗಿತ್ತು; ಶ್ರಮದ ಕೊರತೆಯೆಂದು, ಹಗಲೆಲ್ಲ ದುಡಿದು ಇರುಳು ಪುಸ್ತಕ ಹಿಡಿಯುವವನ ಮುಂದೆ ನಿಂತು ಹೇಳುವ ಧೈರ್ಯ ಯಾರಿಗಿದೆ? ಈ ಎರಡು ಕಲಿಕೆಗಳ ನಡುವಣ ಅಂತರವನ್ನು ಸಾವಧಾನವಾಗಿ ಪರೀಕ್ಷಿಸುವುದರಲ್ಲಿಯೇ ಇಂದಿನ ವಿಚಾರ ಸಂಕಿರಣದ ಸಾರವು ಅಡಗಿದೆಯೆಂದು ನಾನು ನಂಬಿದ್ದೇನೆ.

ರಾತ್ರಿಶಾಲೆಗಳ ಪೂರ್ವವೃತ್ತಾಂತವನ್ನು ವಿಸ್ತರಿಸಲು ಇದು ಸಮಯವಲ್ಲ. ೧೯೦೨ರಲ್ಲಿ ಸ್ಥಾಪಿತವಾದ ಮೊಗವೀರ ವ್ಯವಸ್ಥಾಪಕ ಮಂಡಳಿ, ೧೯೩೨ರಲ್ಲಿ ಹುಟ್ಟಿ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿಕೊಂಡು ಬಂದ ಬಿಲ್ಲವರ ಅಸೋಸಿಯೇಶನ್, ಇಂತಹ ಸಂಸ್ಥೆಗಳು ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರಿಗೆ ಅಕ್ಷರದ ದಾರಿಯನ್ನು ತೆರೆದುಕೊಟ್ಟವು. ಮಾಟುಂಗಾದಲ್ಲಿ ೧೯೪೨ರಲ್ಲಿ ಎ. ರಾಮ ನಾಯಕರು ಆರಂಭಿಸಿದ ಶ್ರೀಕೃಷ್ಣ ಬೋರ್ಡಿಂಗಿನಂತಹ ಭೋಜನಾಲಯಗಳು ಅನ್ನವನ್ನಿತ್ತಂತೆಯೇ, ಈ ಶಾಲೆಗಳು ಕೆಲಸಗಾರನ ಇರುಳಿನ ಎರಡು-ಮೂರು ಗಂಟೆಗಳಿಗೆ ಒಂದು ಅರ್ಥವನ್ನಿತ್ತವು. ಅಲ್ಲಿ ಓದಿ ಬ್ಯಾಂಕು ಕಚೇರಿಗಳನ್ನು ಸೇರಿದವರೂ, ಸ್ವಂತ ಹೋಟೆಲು ತೆರೆದವರೂ, ಲೇಖಕರಾದವರೂ ಉಂಟು. ನಮ್ಮ ಚರ್ಚೆಗೆ ಬೇಕಾದ ಅನುಭವದ ಭಂಡಾರವು ಅವರಲ್ಲಿಯೇ ಇದೆ.

ಹಾಗಾದರೆ ಹೋಟೆಲಿನ ಹುಡುಗನು ಹಿಂದಿಯನ್ನು ಕಲಿತ ಬಗೆ ಯಾವುದು? ಬೆಳಗಿನಿಂದ ಇರುಳಿನವರೆಗೆ ಆ ಭಾಷೆ ಅವನ ಕಿವಿಯ ಮೇಲೆ ಬೀಳುತ್ತಲೇ ಇತ್ತು. ಗಿರಾಕಿ ಕೇಳಿದ ಪದಾರ್ಥವು ಕ್ಷಣದಲ್ಲಿಯೇ ಮೇಜಿನ ಮೇಲೆ ಬರಬೇಕಾಗಿದ್ದುದರಿಂದ ಶಬ್ದಕ್ಕೂ ಅರ್ಥಕ್ಕೂ ನಡುವೆ ನಿಘಂಟು ಬಂದು ನಿಲ್ಲಲಿಲ್ಲ. ಕೇಳಿದ್ದು ತಪ್ಪಾಗಿದ್ದರೆ ತಪ್ಪು ತಟ್ಟೆಯೇ ಅದನ್ನು ತಿಳಿಸುತ್ತಿತ್ತು. ಲಿಂಗ ತಪ್ಪಿದರೂ ವಚನ ತಪ್ಪಿದರೂ ಮಾತು ಸಾಗುತ್ತಿತ್ತಾದುದರಿಂದ ನಾಚಿಕೆಗೆ ಎಡೆಯಿರಲಿಲ್ಲ. ಇನ್ನೊಂದು ಸಂಗತಿಯನ್ನೂ ನಾವು ಮರೆಯತಕ್ಕದ್ದಲ್ಲ: ಕನ್ನಡದಲ್ಲಿರುವಂತೆಯೇ ಹಿಂದಿಯಲ್ಲಿಯೂ ಮರಾಠಿಯಲ್ಲಿಯೂ ಕರ್ತೃ ಮೊದಲು, ಕರ್ಮ ನಡುವೆ, ಕ್ರಿಯೆ ಕೊನೆಗೆ; ಸಂಸ್ಕೃತದ ಮೂಲಕ ಬಂದ ಸಾವಿರಾರು ಶಬ್ದಗಳು ಮೂರೂ ಭಾಷೆಗಳಿಗೆ ಸಮಾನ. ಕನ್ನಡಿಗನು ಅಲ್ಲಿಗೆ ಹೋಗುವಾಗ ತನ್ನ ವಾಕ್ಯದ ಅಂಗಸಂಯೋಜನೆಯನ್ನು ಬಹುಮಟ್ಟಿಗೆ ಜೊತೆಯಲ್ಲಿಯೇ ಒಯ್ಯಬಹುದು.

ಇಂಗ್ಲಿಷಿನ ವಿಷಯದಲ್ಲಿ ಈ ಎರಡು ಸೌಕರ್ಯಗಳೂ ಇಲ್ಲ. ಮುಂಬಯಿಯ ಬೀದಿಯಲ್ಲಿ ಇಂಗ್ಲಿಷ್ ಕಣ್ಣಿಗೆ ಕಾಣಿಸುವಷ್ಟು ಕಿವಿಗೆ ಕೇಳಿಸುವುದಿಲ್ಲ. ಫಲಕಗಳಲ್ಲಿ, ಬಿಲ್ಲುಗಳಲ್ಲಿ, ಅರ್ಜಿಗಳಲ್ಲಿ ಅದು ಇದೆಯೇ ಹೊರತು ಗಿರಾಕಿಯ ಬಾಯಲ್ಲಿ ವಿರಳ. ಇತ್ತ ವಾಕ್ಯರಚನೆಯಾದರೋ ನಮ್ಮದಕ್ಕೆ ವಿಪರೀತ. ನಾವು ‘ನಿನ್ನೆ ಊರಿನಿಂದ ಬಂದ ಹುಡುಗ’ ಎಂದು ವಿಶೇಷಣವನ್ನೆಲ್ಲ ಮುಂದಿಟ್ಟು ಕೊನೆಗೆ ಹುಡುಗನನ್ನು ಕಾಣಿಸಿದರೆ, ಇಂಗ್ಲಿಷು ಹುಡುಗನನ್ನು ಮೊದಲೇ ನಿಲ್ಲಿಸಿ, ಅವನು ಬಂದ ಊರನ್ನೂ ದಿನವನ್ನೂ ಬೆನ್ನ ಹಿಂದೆ ಹೊರಿಸುತ್ತದೆ. ವಿಭಕ್ತಿಪ್ರತ್ಯಯಗಳು ನಮ್ಮಲ್ಲಿ ನಾಮಪದದ ಕೊನೆಗೆ ಅಂಟಿಕೊಂಡರೆ ಅಲ್ಲಿ ಅವುಗಳ ಕೆಲಸವನ್ನು ಪ್ರತ್ಯೇಕ ಪದಗಳು ನಾಮಪದಕ್ಕೆ ಮೊದಲೇ ಬಂದು ಮಾಡುತ್ತವೆ. ಈ ವೈಪರೀತ್ಯವು ಕೇವಲ ಕೇಳುವುದರಿಂದ ತಾನಾಗಿ ಬಗೆಹರಿಯುವುದೆಂದು ಹೊಟ್ಟೆಪಾಡಿನ ನಡುವೆ ಅಲ್ಪಕಾಲವನ್ನು ಉಳಿಸಿಕೊಂಡ ವಯಸ್ಕನಿಗೆ ಆಶ್ವಾಸನೆ ಕೊಡುವುದು ಅನ್ಯಾಯ. ಅದನ್ನು ಅವನಿಗೆ ಕನ್ನಡದಲ್ಲಿಯೇ, ಕನ್ನಡ ವಾಕ್ಯವನ್ನು ಪಕ್ಕದಲ್ಲಿಟ್ಟು, ವಿಶದವಾಗಿ ವಿವರಿಸಬೇಕು. ತರಗತಿಯಲ್ಲಿ ಕನ್ನಡದ ಸೊಲ್ಲೇ ಎತ್ತಬಾರದೆಂಬ ನಿಯಮವು ನನ್ನ ಮತಿಗೆ ತೋರುವಮಟ್ಟಿಗೆ ಶಿಸ್ತಿನ ವೇಷವನ್ನು ಧರಿಸಿದ ಕಾಲಹರಣ. ಹೈದರಾಬಾದಿನಲ್ಲಿ ೧೯೫೮ರಲ್ಲಿ ಸ್ಥಾಪಿತವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ನಿರ್ದೇಶಕರಾಗಿದ್ದ ವಿ.ಕೃ. ಗೋಕಾಕರು ಕನ್ನಡದ ಮಹಾಕವಿಗಳಲ್ಲಿ ಒಬ್ಬರೆಂಬುದನ್ನು ಇಲ್ಲಿ ಸ್ಮರಿಸುವುದು ಉಚಿತ. ಒಂದು ಭಾಷೆಯ ಮೇಲಣ ಪ್ರಭುತ್ವವು ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲವೆಂಬುದಕ್ಕೆ ಅವರ ಜೀವನವೇ ಸಾಕ್ಷಿ.

ಆದರೆ ವಿವರಣೆಯೊಂದೇ ಭಾಷೆಯನ್ನು ಕೊಡಲಾರದು. ಬೀದಿಯು ಹಿಂದಿಗೆ ಕೊಟ್ಟ ಸಮೃದ್ಧಿಯನ್ನು ಇಂಗ್ಲಿಷಿಗೆ ಕೊಡಬಲ್ಲದ್ದು ಯಾವುದು? ಓದು, ಸುಲಭವಾದ, ಹೇರಳವಾದ ಓದು ಎಂಬುದೇ ನನ್ನ ಉತ್ತರ. ಇಂದು ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಢಾಕಾದಲ್ಲಿ ಅಧ್ಯಾಪಕರಾಗಿದ್ದ ಮೈಕೇಲ್ ವೆಸ್ಟ್ ಎಂಬವರು ೧೯೨೬ರಲ್ಲಿ ಪ್ರಕಟಿಸಿದ ದ್ವಿಭಾಷಿಕತ್ವದ ಗ್ರಂಥದಲ್ಲಿ, ಬಂಗಾಳದ ಬಾಲಕನಿಗೆ ಎಲ್ಲಕ್ಕಿಂತ ಮೊದಲು ಬೇಕಾದುದು ಓದಿ ಗ್ರಹಿಸುವ ಶಕ್ತಿಯೆಂದು ವಾದಿಸಿದರು. ಶಾಲೆಯನ್ನು ಅರ್ಧದಲ್ಲಿ ಬಿಟ್ಟುಹೋಗುವವನಿಗೂ ಆ ಶಕ್ತಿಯು ಕೈಯಲ್ಲಿ ಉಳಿಯುತ್ತದೆಂಬುದು ಅವರ ದೂರದೃಷ್ಟಿ. ಮುಂದೆ ೧೯೫೩ರಲ್ಲಿ ಅವರು ಸುಮಾರು ೨೦೦೦ ಮುಖ್ಯ ಶಬ್ದಗಳ ಪಟ್ಟಿಯೊಂದನ್ನು ಹೊರತಂದರು. ಸಾಮಾನ್ಯ ಬರವಣಿಗೆಯ ಶೇಕಡಾ ೮೦ರಷ್ಟು ಭಾಗವು ಇಷ್ಟೇ ಶಬ್ದಗಳಿಂದ ಕೂಡಿದೆಯೆಂದು ಅರಿತಾಗ ವಿದ್ಯಾರ್ಥಿಗೆ ದಡವು ಕಾಣಿಸುತ್ತದೆ. ಹಾಗೆಂದು ಅಷ್ಟಕ್ಕೇ ನಿಲ್ಲುವಂತಿಲ್ಲ: ನಿಘಂಟಿನ ಸಹಾಯವಿಲ್ಲದೆ ಸುಖವಾಗಿ ಓದಬೇಕಾದರೆ ನೂರು ಪದಗಳಲ್ಲಿ ೯೮ ಪರಿಚಿತವಾಗಿರಬೇಕೆಂದು ಈಚಿನ ಸಂಶೋಧಕರು ಹೇಳುತ್ತಾರೆ. ಆದುದರಿಂದಲೇ ಸಪ್ಲಾಯರನ ಕೈಗೆ ಮೊದಲ ತಿಂಗಳಲ್ಲಿಯೇ ಇಂಗ್ಲಿಷ್ ದಿನಪತ್ರಿಕೆಯನ್ನು ಕೊಟ್ಟು ‘ಓದಿ ಕಲಿತುಕೋ’ ಎನ್ನುವ ಹಿತವಚನವು ಫಲಿಸುವುದಿಲ್ಲ. ಅವನಿಗೆ ಬೇಕಾದುದು, ಮಿತವಾದ ಶಬ್ದಗಳಲ್ಲಿ ಬರೆದ ಕಥೆಗಳು. ಅವನ ವಯಸ್ಸಿಗೆ ಸಲ್ಲುವ ಕಥೆಗಳು, ಮಕ್ಕಳ ಗಿಳಿಪಾಠಗಳಲ್ಲ.

ಫಿಜಿ ದ್ವೀಪಗಳ ಹಳ್ಳಿಯ ಶಾಲೆಗಳಲ್ಲಿ ಎಲ್ಲಿ ಮತ್ತು ಮಾಂಗುಭಾಯಿ ಎಂಬ ವಿದ್ವಾಂಸರು ನಡೆಸಿ ೧೯೮೩ರಲ್ಲಿ ವರದಿ ಮಾಡಿದ ಪ್ರಯೋಗವನ್ನು ನಾನು ವಿಶೇಷ ಆದರದಿಂದ ನೆನೆಯುತ್ತೇನೆ. ಪ್ರಯೋಗಕ್ಕೆ ಆಯ್ದ ತರಗತಿಗಳಿಗೆ ಸುಮಾರು ೨೫೦ ಇಂಗ್ಲಿಷ್ ಕಥೆಪುಸ್ತಕಗಳನ್ನು ಒದಗಿಸಿ, ದಿನಕ್ಕೆ ಇಪ್ಪತ್ತು-ಮೂವತ್ತು ನಿಮಿಷ ಓದಲು ಬಿಟ್ಟರು. ಎಂಟು ತಿಂಗಳ ತರುವಾಯ ಪರೀಕ್ಷಿಸಿದಾಗ, ಓದಿ ಗ್ರಹಿಸುವುದರಲ್ಲಿಯೂ ಕೇಳಿ ಗ್ರಹಿಸುವುದರಲ್ಲಿಯೂ ಈ ಮಕ್ಕಳು ಸಾಮಾನ್ಯ ಗತಿಯ ಇಮ್ಮಡಿಯಷ್ಟು ಮುಂದುವರಿದಿದ್ದರು. ಓದಿದ್ದರ ಫಲವು ಕಿವಿಗೂ ತಟ್ಟಿತೆಂಬುದು ಗಮನಿಸತಕ್ಕ ವಿಷಯ.

ಈ ಓದಿಗೆ ಒತ್ತಾಸೆಯಾಗಿ ಏಕಾಂತದಲ್ಲಿ ಮಾಡಬಹುದಾದ ಅಭ್ಯಾಸಗಳಲ್ಲಿ ಎರಡನ್ನು ಮಾತ್ರ ಹೇಳುತ್ತೇನೆ. ಮೊದಲನೆಯದು ಪುನರಾವೃತ್ತಿಯ ಅಂತರ. ಜರ್ಮನಿಯ ಎಬಿಂಗ್‌ಹೌಸ್ ೧೮೮೫ರಲ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದಂತೆ, ಕಲಿತದ್ದರ ಬಹುಭಾಗವು ಮೊದಲ ಕೆಲವು ಗಂಟೆಗಳಲ್ಲಿಯೇ ಜಾರಿಹೋಗುತ್ತದೆ. ಮರುದಿನ, ನಾಲ್ಕು ದಿನದ ಮೇಲೆ, ಎರಡು ವಾರದ ಮೇಲೆ, ಹೀಗೆ ಅಂತರವನ್ನು ಹಿಗ್ಗಿಸುತ್ತ ನೆನಪಿಗೆ ತಂದುಕೊಂಡದ್ದು ನೆಲೆನಿಲ್ಲುತ್ತದೆ. ಭಾನುವಾರದ ರಜೆಯಲ್ಲಿ ಐದು ಗಂಟೆ ಕುಳಿತು ಕಣ್ಣು ಕೆಂಪಾಗಿಸಿಕೊಳ್ಳುವುದಕ್ಕಿಂತ, ದಿನವೂ ಊಟದ ಪಾಳಿ ಮುಗಿದ ಮೇಲೆ ಕಾಲು ಗಂಟೆ ಕಿರುಪುಸ್ತಕವನ್ನು ತೆರೆದು, ಅರ್ಥವನ್ನು ಮುಚ್ಚಿಟ್ಟು ನೆನಪನ್ನು ಕೆದಕುವುದು ಮೇಲು. ಎರಡನೆಯದು ಬಹು ಹಳೆಯದು. ರೋಜರ್ ಆಸ್ಕಂ ಎಂಬ ಇಂಗ್ಲಿಷ್ ಗುರುವಿನ, ೧೫೭೦ರಲ್ಲಿ ಮರಣೋತ್ತರವಾಗಿ ಪ್ರಕಟವಾದ ಪುಸ್ತಕವು ಲ್ಯಾಟಿನ್ ಕಲಿಕೆಗೆ ಇದನ್ನು ವಿಧಿಸುತ್ತದೆ: ಒಂದು ಪುಟವನ್ನು ತನ್ನ ನುಡಿಗೆ ತಿರುಗಿಸಿ, ಮೂಲವನ್ನು ಮುಚ್ಚಿಟ್ಟು, ಸ್ವಲ್ಪ ಹೊತ್ತು ಕಳೆದ ಮೇಲೆ ತನ್ನ ಬರಹವನ್ನೇ ಮತ್ತೆ ಆ ಭಾಷೆಗೆ ತಿರುಗಿಸಿ, ಮೂಲದೊಡನೆ ಹೋಲಿಸಿ ನೋಡುವುದು. ಕನ್ನಡವನ್ನು ಬಲ್ಲ ನಮ್ಮ ವಿದ್ಯಾರ್ಥಿಗೆ ಇದು ಅತ್ಯಂತ ಅನುಕೂಲ. ಕೊಠಡಿಯಲ್ಲಿ ಹತ್ತು ಜನರ ನಡುವೆ ಮಲಗುವ ಅವನಿಗೆ ಇರುಳು ಹನ್ನೊಂದು ಗಂಟೆಗೆ ಗುರುಗಳು ದೊರೆಯರು; ಆದರೆ ಮುಚ್ಚಿಟ್ಟ ಮೂಲಪುಟವು ದೊರೆಯುತ್ತದೆ, ತಪ್ಪನ್ನು ತೋರಿಸುತ್ತದೆ, ನಗುವುದಿಲ್ಲ.

ನಗುವಿನ ಮಾತು ಬಂದುದರಿಂದ ಒಂದನ್ನು ಒತ್ತಿ ಹೇಳಬೇಕಾಗಿದೆ. ತರಗತಿಯಲ್ಲಿ ಬಾಯಿ ತೆರೆದವನ ಪ್ರತಿಯೊಂದು ದೋಷವನ್ನೂ ಅಲ್ಲಿಯೇ ಹಿಡಿದು ನಿಲ್ಲಿಸುವ ಅಧ್ಯಾಪಕರು ವ್ಯಾಕರಣವನ್ನು ರಕ್ಷಿಸಿದಂತೆ ಭಾವಿಸುತ್ತಾರೆ. ವಸ್ತುತಃ ಆ ಬಾಯಿ ಮತ್ತೆ ತೆರೆಯುವುದಿಲ್ಲ. ನಮ್ಮವರೇ ಆದ ಎನ್.ಎಸ್. ಪ್ರಭು ಅವರು ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯ ಆಶ್ರಯದಲ್ಲಿ ೧೯೭೯ರಿಂದ ೧೯೮೪ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ ಪ್ರಯೋಗದಲ್ಲಿ, ವ್ಯಾಕರಣಪಾಠದ ಬದಲು ಬುದ್ಧಿಗೆ ಕೆಲಸ ಕೊಡುವ ಸಮಸ್ಯೆಗಳನ್ನು, ಅವುಗಳಲ್ಲಿ ನಕಾಶೆಗಳನ್ನೂ ರೈಲ್ವೆ ವೇಳಾಪಟ್ಟಿಗಳನ್ನೂ, ಮಕ್ಕಳ ಮುಂದಿಟ್ಟರು. ಮನಸ್ಸು ಸಮಸ್ಯೆಯ ಅರ್ಥದಲ್ಲಿ ಮಗ್ನವಾಗಿರುವಾಗ ಭಾಷೆಯು ತಾನಾಗಿ ಒಳಸೇರುವುದೆಂಬುದು ಅವರ ಸಿದ್ಧಾಂತ. ವೇಳಾಪಟ್ಟಿಗೆ ಮುಂಬಯಿಯಲ್ಲಿ ಬರಗಾಲವೆ? ಡೊಂಬಿವಲಿಯಿಂದ ಫೋರ್ಟಿನ ಕೆಲಸಕ್ಕೆ ಒಂಬತ್ತಕ್ಕೆ ತಲುಪಬೇಕಾದವನು ಯಾವ ಫಾಸ್ಟ್ ಲೋಕಲ್ ಗಾಡಿ ಹಿಡಿಯಬೇಕು, ಅದು ತಪ್ಪಿದರೆ ಎಲ್ಲಿ ಗಾಡಿ ಬದಲಿಸಬೇಕು ಎಂಬ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರೆ, ಹಿಂದಿನ ಬೆಂಚಿನವನೂ ಉತ್ತರಕ್ಕೆ ತವಕಿಸುತ್ತಾನೆ, ಏಕೆಂದರೆ ಆ ವಿಷಯದಲ್ಲಿ ಅವನು ಅಧ್ಯಾಪಕರಿಗಿಂತ ಬಲ್ಲವನು. ನಿಲ್ದಾಣದಲ್ಲಿ ಒಂದೇ ಸೂಚನೆಯು ಮರಾಠಿ, ಹಿಂದಿ, ಇಂಗ್ಲಿಷ್ ಮೂರರಲ್ಲಿಯೂ ಮೊಳಗುತ್ತದೆ. ಅರ್ಥವನ್ನು ಎರಡು ಭಾಷೆಗಳಲ್ಲಿ ಬಲ್ಲವನಿಗೆ ಮೂರನೆಯದು ಉಚಿತವಾಗಿ ದೊರೆಯುವ ಶ್ರವಣಪಾಠ. ಅದನ್ನು ಮನಸ್ಸಿನಲ್ಲಿಯೇ ಮರುನುಡಿಯುವಂತೆ ವಿದ್ಯಾರ್ಥಿಗಳಿಗೆ ಹೇಳಿಕೊಡಬಾರದೇಕೆ?

ಮಹಾರಾಷ್ಟ್ರದಲ್ಲಿ ೨೦೦೦ದಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಬೋಧಿಸಲ್ಪಡುತ್ತಿದೆ. ಬೇಗ ಆರಂಭಿಸಿದರೆ ಸಾಕೆಂಬ ಭರವಸೆಯಲ್ಲಿ ನಾವು ಕ್ರಮದ ಚಿಂತೆಯನ್ನೇ ಕೈಬಿಟ್ಟಂತಿದೆ. ಈ ಸಂಕಿರಣವು ಆ ಚಿಂತೆಯನ್ನು ಮತ್ತೆ ಕೈಗೆತ್ತಿಕೊಳ್ಳಲೆಂದು ಬೇಡುತ್ತೇನೆ. ಬರುವ ಜೂನ್ ತಿಂಗಳಿನ ಶಾಲಾರಂಭಕ್ಕೆ, ಸಿದ್ಧರಿರುವ ಎರಡು ಅಥವಾ ಮೂರು ರಾತ್ರಿಶಾಲೆಗಳಲ್ಲಿ, ಪ್ರತಿ ತರಗತಿಗೂ ಹಂತಹಂತವಾಗಿ ಬರೆದ ಸುಲಭ ಇಂಗ್ಲಿಷ್ ಪುಸ್ತಕಗಳ ಒಂದು ಕಪಾಟನ್ನಿಟ್ಟು, ಪ್ರತಿರಾತ್ರಿಯ ಮೊದಲ ಅರ್ಧಗಂಟೆಯನ್ನು ಮೌನ ಓದಿಗೆ ಬಿಟ್ಟುಕೊಡೋಣ. ಪುಸ್ತಕಗಳ ವೆಚ್ಚವನ್ನು ನಮ್ಮ ಸಂಘಸಂಸ್ಥೆಗಳು ಹಂಚಿಕೊಳ್ಳಲಿ. ವರ್ಷದ ಆರಂಭದಲ್ಲಿಯೂ ಕೊನೆಯಲ್ಲಿಯೂ ಒಂದೇ ಬಗೆಯ ಪರೀಕ್ಷೆಯನ್ನು ಕೊಟ್ಟು, ಇಂತಹ ಓದಿಲ್ಲದ ತರಗತಿಗಳೊಡನೆ ಹೋಲಿಸಿ, ಫಲಿತಾಂಶವು ನನ್ನ ಮಾತಿಗೆ ವಿರುದ್ಧವಾಗಿದ್ದರೂ ಅದನ್ನು ಮರೆಮಾಚದೆ ಪ್ರಕಟಿಸೋಣ. ಯಾವ ಪುಸ್ತಕಗಳು, ಯಾವ ಪರೀಕ್ಷೆ, ಮೇಲ್ವಿಚಾರಣೆ ಯಾರದು ಎಂಬುದನ್ನು ಮಧ್ಯಾಹ್ನದ ಗೋಷ್ಠಿಯಲ್ಲಿ ನಿಷ್ಕರ್ಷಿಸಬೇಕೆಂದು ಕೋರಿ, ಮೊದಲ ಪ್ರಬಂಧಕಾರರಿಗೆ ವೇದಿಕೆಯನ್ನು ಬಿಟ್ಟುಕೊಡುತ್ತೇನೆ.