ಬಿಲ್ಲು ಮತ್ತು ಹೆದೆ

ಬಾಗಿಲ ಮೇಲೆ ಬಾಗಿ ನಿಂತ ಕಟ್ಟಡವನ್ನು ನಾವು ‘ಕಮಾನು’ ಎನ್ನುತ್ತೇವೆ. ಇದು ಪಾರಸಿಯಿಂದ ಕನ್ನಡಕ್ಕೆ ಬಂದ ಮಾತು. ಅಲ್ಲಿ ಅದರ ಅರ್ಥ ಬಿಲ್ಲು. ಪದಗಳ ಬೆನ್ನು ಹತ್ತುವುದು ಕನ್ನಡ ಮೇಷ್ಟರಾದ ನಮ್ಮಂಥವರ ಹಳೆಯ ಚಾಳಿ. ಈ ಪದವನ್ನು ಹಿಂಬಾಲಿಸಿ ಹೊರಟ ನಾನು ಕೊನೆಗೆ ಬಂದು ತಲುಪಿದ್ದು ನಮ್ಮೆಲ್ಲರ ತಲೆಯ ಮೇಲಿರುವ ಕಾಂಕ್ರೀಟಿನ ತಾರಸಿಗೆ. ಆ ವಿಚಾರವನ್ನೇ ಇಂದು ತಮ್ಮ ಮುಂದಿಡಬಯಸುತ್ತೇನೆ.

ಕಾಂಕ್ರೀಟಿನ ಸ್ವಭಾವ ವಿಚಿತ್ರವಾದುದು. ಒತ್ತಿದರೆ ಕಲ್ಲಿನಂತೆ ತಾಳಿಕೊಳ್ಳುತ್ತದೆ. ಎಳೆದರೆ ಆ ಬಲದ ಸುಮಾರು ಹತ್ತರಲ್ಲೊಂದು ಪಾಲಿಗೇ ಬಿರಿಯುತ್ತದೆ. ಎರಡು ಗೋಡೆಗಳ ನಡುವೆ ಮಟ್ಟಸವಾಗಿ ಚಾಚಿದ ಹಾಸು ಭಾರಕ್ಕೆ ಬಾಗಿದಾಗ ಅದರ ಮೇಲ್ಭಾಗ ಒತ್ತಡಕ್ಕೂ ಕೆಳಭಾಗ ಸೆಳೆತಕ್ಕೂ ಒಳಗಾಗುತ್ತವೆ. ಸೆಳೆತವನ್ನು ತಾಳಲೆಂದೇ ಕೆಳಗೆ ಕಬ್ಬಿಣದ ಕಂಬಿಗಳನ್ನು ಹಾಸುತ್ತಾರೆ. ಅಲ್ಲಿನ ಕಾಂಕ್ರೀಟು ಕಂಬಿಯನ್ನು ಹಿಡಿದು ಕಾಪಾಡುವುದನ್ನು ಬಿಟ್ಟರೆ ಹೊರುವ ಕೆಲಸದಲ್ಲಿ ಹೆಚ್ಚು ಪಾಲುಗೊಳ್ಳುವುದಿಲ್ಲ; ಅದರ ಭಾರವನ್ನೂ ಉಳಿದವರೇ ಹೊರಬೇಕು. ಇಂಥ ನೆಂಟರನ್ನು ನಾವು ಮನೆಗಳಲ್ಲಿಯೂ ಕಂಡಿದ್ದೇವೆ.

ಈ ನೆಂಟನ ಖರ್ಚು ಸಣ್ಣದಲ್ಲ. ಮರಳಿಗಾಗಿ ಹೊಳೆಯ ಒಡಲನ್ನು ಬಗೆಯುತ್ತೇವೆ, ಜಲ್ಲಿಗಾಗಿ ಗುಡ್ಡಗಳನ್ನು ಒಡೆಯುತ್ತೇವೆ. ಸುಣ್ಣಕಲ್ಲನ್ನು ಸುಟ್ಟು ಸಿಮೆಂಟು ಮಾಡುವಾಗ ಉರುವಲಿನಿಂದಲೂ ಕಲ್ಲಿನಿಂದಲೂ ಇಂಗಾಲದ ಡೈ ಆಕ್ಸೈಡ್ ಹೊರಡುತ್ತದೆ. ಮನುಷ್ಯನು ಗಾಳಿಗೆ ಸೇರಿಸುವ ಆ ಅನಿಲದಲ್ಲಿ ಶೇಕಡ 7ರಿಂದ 8ರಷ್ಟು ಸಿಮೆಂಟಿನ ಪಾಲು.

ಬಿಲ್ಲಿನ ದಾರಿ ಬೇರೆ. ಇಂಗ್ಲೆಂಡಿನ ರಾಬರ್ಟ್ ಹುಕ್ 1675ರಲ್ಲಿ ಅದರ ಗುಟ್ಟನ್ನು ಅಕ್ಷರಗಳನ್ನು ಕಲಸಿದ ಲ್ಯಾಟಿನ್ ಒಗಟಿನಲ್ಲಿ ಅಡಗಿಸಿಟ್ಟನು. ಅದು ಬಿಡಿಸಿ ಪ್ರಕಟವಾದದ್ದು ಅವನು ತೀರಿಕೊಂಡ ಮೇಲೆ, 1705ರಲ್ಲಿ. ತೂಗಬಿಟ್ಟ ಸರಪಳಿಯಲ್ಲಿರುವುದೆಲ್ಲ ಸೆಳೆತ. ಅದೇ ಆಕೃತಿಯನ್ನು ತಲೆಕೆಳಗು ಮಾಡಿ ಗಟ್ಟಿಯಾಗಿ ಕಟ್ಟಿದರೆ ಅಲ್ಲಿರುವುದೆಲ್ಲ ಒತ್ತಡ. ಕಾಂಕ್ರೀಟಿಗೆ ಒಗ್ಗುವುದೂ ಅದೇ.

ಆದರೆ ಕಮಾನು ತನ್ನ ಪಾದಗಳನ್ನು ಹೊರಕ್ಕೆ ನೂಕುತ್ತದೆ. ಅದನ್ನು ದಪ್ಪ ಗೋಡೆ ತಡೆಯಬೇಕು, ಇಲ್ಲವೆ ಎರಡು ಪಾದಗಳನ್ನೂ ಉಕ್ಕಿನ ಕಂಬಿಯಿಂದ ಬಿಗಿಯಬೇಕು. ಈ ಕಂಬಿಯೇ ಬಿಲ್ಲಿನ ಹೆದೆ! ಹಳೆಯ ಕಚೇರಿಗಳಲ್ಲಿ ತಲೆಯೆತ್ತಿ ನೋಡಿದವರಿಗೆ ಕಬ್ಬಿಣದ ತೊಲೆಗಳ ನಡುವೆ ಇಟ್ಟಿಗೆಯ ಪುಟ್ಟ ಕಮಾನುಗಳ ಸಾಲು ನೆನಪಿರಬಹುದು.

ಸ್ವಿಟ್ಜರ್ಲೆಂಡಿನ ಜ್ಯೂರಿಕ್ ತಾಂತ್ರಿಕ ವಿಶ್ವವಿದ್ಯಾಲಯದ ಫಿಲಿಪ್ ಬ್ಲಾಕ್ ಮತ್ತು ಸಂಗಡಿಗರು ಈ ಹಳೆಯ ಬುದ್ಧಿಯನ್ನು ಮಹಡಿಯ ಹಾಸಿಗೆ ತಂದರು. ತೆಳುವಾದ ಬಾಗಿದ ಚಿಪ್ಪು. ಜನ ಒಂದೇ ಮೂಲೆಯಲ್ಲಿ ಸೇರಿದರೂ ಅದು ಕದಲದಂತೆ ಬೆನ್ನ ಮೇಲೆ ಪಕ್ಕೆಲುಬುಗಳು. ಡ್ಯೂಬೆಂಡಾರ್ಫಿನಲ್ಲಿ 2021ರಲ್ಲಿ ತೆರೆದ ‘ಹೈಲೋ’ ಎಂಬ ಕಟ್ಟಡದ ಹಾಸುಗಳು ಇಂಥವೇ. ಸಾಮಾನ್ಯ ಹಾಸಿಗಿಂತ ಕಾಂಕ್ರೀಟು ಶೇಕಡ 70ರಷ್ಟು, ಕಂಬಿ ಶೇಕಡ 90ರಷ್ಟು ಕಡಿಮೆ ಸಾಕಾಯಿತೆಂಬುದು ಅವರ ಲೆಕ್ಕ.

ಹಾಗಾದರೆ ಎಲ್ಲರೂ ಏಕೆ ಹೀಗೆ ಕಟ್ಟುವುದಿಲ್ಲ? ತೊಡಕಿರುವುದು ಸೆಂಟ್ರಿಂಗಿನಲ್ಲಿ. ಮಟ್ಟಸವಾದ ಹಲಗೆಯನ್ನು ಯಾರಾದರೂ ಜೋಡಿಸಿಯಾರು. ಬಾಗಿದ ಅಚ್ಚಿಗೆ ಕುಶಲಿಯ ಕೈ ಬೇಕು, ಇಲ್ಲವೆ ಯಂತ್ರ ಬೇಕು. ಸಾಮಾನು ಉಳಿದರೂ ಕೂಲಿ ಏರಿದರೆ ಮನೆ ಕಟ್ಟಿಸುವವನು ಒಪ್ಪುವುದಿಲ್ಲ. ಅವನನ್ನು ದೂರುವಂತೆಯೂ ಇಲ್ಲ.

ಆದರೂ ನಮ್ಮಲ್ಲಿ ದಾರಿಗಳಿಲ್ಲದಿಲ್ಲ. ಕೇರಳದಲ್ಲಿ ನೆಲೆಸಿದ್ದ ಲಾರಿ ಬೇಕರ್ ಅವರು ಹಾಸು ಮಟ್ಟಸವಾಗಿಯೇ ಇರಲೆಂದು, ಕೆಳಭಾಗದ ದುಡಿಯದ ಕಾಂಕ್ರೀಟನ್ನು ತೆಗೆದು ಆ ಜಾಗದಲ್ಲಿ ಹಗುರವಾದ ಹೆಂಚನ್ನು ಕೂರಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಹಳ್ಳಿಗಳಿಗೆ ಒಗ್ಗುವ ಮಣ್ಣಿನ ಇಟ್ಟಿಗೆಯನ್ನೂ ಮಿತವ್ಯಯದ ಮಾಡುಗಳನ್ನೂ ಕುರಿತು ದುಡಿಯಿತು.

ದಪ್ಪವಿದ್ದದ್ದೇ ಗಟ್ಟಿ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಬರವಣಿಗೆಯಲ್ಲಿ ಅದನ್ನು ನಾವು ಒಪ್ಪುವುದಿಲ್ಲ. ದುಡಿಯದ ಪದವನ್ನು ಹೊಡೆದುಹಾಕುತ್ತೇವೆ. ಮನೆ ಕಟ್ಟಿಸಲು ಹೊರಟ ಕೇಳುಗರು ತಮ್ಮ ಎಂಜಿನಿಯರರನ್ನು ಒಂದು ಮಾತು ಕೇಳಲಿ: ಈ ತಾರಸಿಯಲ್ಲಿ ಹೊರುವುದೆಷ್ಟು, ಹೊರಿಸಿಕೊಳ್ಳುವುದೆಷ್ಟು? ಆ ಲೆಕ್ಕದ ಹಿಂದೆ ಒಂದು ಹೊಳೆಯ ಮರಳೂ ಒಂದು ಗುಡ್ಡದ ಕಲ್ಲೂ ಇವೆ.