ಬಸವನಹುಳುವಿನ ಬಂಜೆತನ

ಎಮ್ಮೆಯ ಗಲ್ಲದ ಕೆಳಗೆ ನೀರು ತುಂಬಿದ ಬಾವು ಬಂತೆಂದರೆ, ಹಿಂಡುವ ಹಾಲು ದಿನದಿನಕ್ಕೆ ಇಳಿಯಿತೆಂದರೆ, ನಮ್ಮ ಗಲಗಲಿಯ ಕಡೆಯ ರೈತನು ಮೊದಲು ಮೇವನ್ನು ಬಯ್ಯುತ್ತಾನೆ. ಆಮೇಲೆ ದೃಷ್ಟಿ ತೆಗೆಯುತ್ತಾನೆ. ಪಶುವೈದ್ಯರು ಸಗಣಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಯಕೃತ್ತಿನಲ್ಲಿ ಎಲೆಯಾಕಾರದ ಚಪ್ಪಟೆ ಹುಳು ಸೇರಿದೆ ಎಂದು ಹೇಳುವುದುಂಟು. ಆ ಹುಳು ಅಲ್ಲಿಗೆ ಬಂದ ದಾರಿ ಹೊಂಡದ ಬಸವನಹುಳುವಿನ ಮೈಯೊಳಗಿನಿಂದ. ಪಟ್ಟಣದಲ್ಲಿ ಕುಳಿತು ರೇಡಿಯೋ ಕೇಳುವ ನಮಗೇನು ಎನ್ನಬೇಡಿ. ಬೆಳಗಿನ ಚಹಕ್ಕೆ ಬರುವ ಹಾಲು ಆ ಎಮ್ಮೆಯದೇ.

ಗಲಗಲಿ ಕೃಷ್ಣೆಯ ದಂಡೆಯ ಊರು. ಮೇಲ್ಗಡೆ ಹಿಪ್ಪರಗಿ, ಕೆಳಗಡೆ ಆಲಮಟ್ಟಿ. ನಡುವೆ ಕಬ್ಬು, ಕಾಲುವೆ, ನದಿ ಇಳಿದ ಮೇಲೆ ಉಳಿದ ಮಡುಗಳು. ನಿಂತ ನೀರು, ಪಾಚಿ, ಮಂದವಾದ ಹರಿವು ಇವು ಬಸವನಹುಳುವಿಗೆ ಬಲು ಹಿತ. ಯಕೃತ್ತಿನ ಹುಳುವಿಗೆ ಮನೆ ಕೊಡುವುದು ಲಿಮ್ನಿಯಾ ಎಂಬ ಜಾತಿ. ಸಗಣಿಯೊಡನೆ ನೀರಿಗೆ ಬಿದ್ದ ಹುಳುವಿನ ಮೊಟ್ಟೆ ಎರಡು ಮೂರು ವಾರಗಳಲ್ಲಿ ಒಡೆಯುತ್ತದೆ. ಹೊರಬಿದ್ದ ಕೂದಲುಳ್ಳ ಮರಿಗೆ ಆಯುಷ್ಯ ಸುಮಾರು ಒಂದು ದಿನ; ಅಷ್ಟರೊಳಗೆ ಬಸವನಹುಳು ಸಿಕ್ಕದಿದ್ದರೆ ಅದರ ಕಥೆ ಮುಗಿಯಿತು. ಸಿಕ್ಕಿದರೆ ಒಂದೇ ಮರಿ ಒಳಗೆ ನೂರಾರಾಗಿ, ಬಾಲ ತೊಟ್ಟು ಹೊರಬಂದು, ಹುಲ್ಲಿಗಂಟಿ, ಮತ್ತೆ ಎಮ್ಮೆಯ ಬಾಯಿ ಸೇರುತ್ತದೆ. ಈ ಸುತ್ತನ್ನು 1881ರಿಂದ 1883ರ ನಡುವೆ ಜರ್ಮನಿಯಲ್ಲಿ ಲಾಯ್ಕಾರ್ಟ್, ಇಂಗ್ಲೆಂಡಿನಲ್ಲಿ ಥಾಮಸ್ ಎಂಬ ವಿದ್ವಾಂಸರು, ಅವರ ಕಡೆಯ ಯಕೃತ್ತಿನ ಹುಳುವನ್ನು ಹಿಡಿದು, ಬೇರೆ ಬೇರೆಯಾಗಿಯೇ ಬಿಡಿಸಿ ತೋರಿಸಿದರು.

ಈಗ ನನಗೆ ಕುತೂಹಲ ತಂದ ಸಂಗತಿಗೆ ಬರುತ್ತೇನೆ. ಮನೆ ಕೊಟ್ಟ ಬಸವನಹುಳುವಿನ ಗತಿಯೇನು? ಒಳಸೇರಿದ ಮರಿಗಳಿಗೆ ಬಾಯಿಯುಂಟು. ಅವು ಅದರ ಜೀರ್ಣಾಂಗವನ್ನು ತಿನ್ನುತ್ತವೆ, ಅದರೊಡನೆ ಮೊಟ್ಟೆ ಹುಟ್ಟುವ ಅಂಗವನ್ನೂ ಕೆಡಿಸುತ್ತವೆ. ಬಸವನಹುಳು ಸಾಯುವುದಿಲ್ಲ, ಬಂಜೆಯಾಗುತ್ತದೆ. (ವಂಧ್ಯಾ ಎಂಬುದರ ತದ್ಭವವೇ ಬಂಜೆ. ಆದರೆ ಈ ಪ್ರಾಣಿ ಹೆಣ್ಣೂ ಹೌದು, ಗಂಡೂ ಹೌದು. ವ್ಯಾಕರಣಕ್ಕೆ ಇಲ್ಲಿ ಕೊಂಚ ತೊಡಕೇ.) ತನ್ನ ಸಂತತಿಗೆ ಮೀಸಲಾದ ಅನ್ನವನ್ನು ಪರರ ಸಂತತಿಗೆ ಉಣಿಸುತ್ತ ಅದು ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಬದುಕುತ್ತದೆ.

ಇನ್ನೂ ಸೋಜಿಗವಿದೆ. ಚಪ್ಪಟೆ ಸುರುಳಿಯ ಒಂದು ಅಮೆರಿಕದ ಬಸವನಹುಳುವಿನ ಮೇಲೆ ಮಿಂಚೆಲ್ಲಾ ಮತ್ತು ಲೊವರ್ಡ್ ಎಂಬವರು ನಡೆಸಿದ ಪ್ರಯೋಗ 1981ರಲ್ಲಿ ಪ್ರಕಟವಾಯಿತು. ಪರೋಪಜೀವಿ ಹೊಕ್ಕ ಹೊಸದರಲ್ಲಿ ಅದು ಆರೋಗ್ಯವಂತ ಹುಳುವಿಗಿಂತಲೂ ಹೆಚ್ಚು ಮೊಟ್ಟೆ ಇಟ್ಟಿತು! ಮುಂದೆ ಬರುವ ಬಂಜೆತನಕ್ಕೆ ಮುಂಚೆಯೇ ಕೊಯ್ಲು ಮಾಡಿಕೊಂಡಂತೆ. ಆ ಮೊಟ್ಟೆಗಳಿಂದ ಹೊರಬರುವ ಮರಿಗೆ ತಾಯಿಯ ರೋಗ ಅಂಟಿರುವುದಿಲ್ಲ. ಈ ಚಪ್ಪಟೆ ಹುಳುಗಳು ಬಸವನಹುಳುವಿನ ಮೊಟ್ಟೆಯ ಮೂಲಕ ಹರಿದು ಬರುವುದಿಲ್ಲ. ಪ್ರತಿಯೊಂದು ಬಸವನಹುಳುವೂ ನೀರಿನಲ್ಲಿ ಹೊಸದಾಗಿಯೇ ಸೋಂಕು ಪಡೆಯಬೇಕು.

ಹಾಗಿದ್ದರೆ ಹೊಂಡವೇ ತನ್ನಷ್ಟಕ್ಕೆ ಬರಿದಾಗಲಿ ಎಂದು ಸುಮ್ಮನಿರಬಹುದಲ್ಲ ಎಂದೀರಿ. ಸಾಧ್ಯವಿಲ್ಲ. ಸೋಂಕಿಲ್ಲದ ಬಸವನಹುಳುಗಳು ಉಳಿದೇ ಇರುತ್ತವೆ. ಜೊತೆಗಾರನಿಲ್ಲದೆಯೂ ಒಂದೇ ಹುಳು ತಾನೇ ಫಲವಂತವಾಗಿ ಎಲೆಯಡಿ ಲೋಳೆಯ ಮುದ್ದೆಯಲ್ಲಿ ಮೊಟ್ಟೆಯಿಡಬಲ್ಲದು. ಮೊಟ್ಟೆ ಒಣಗಿದರೆ ಸಾಯುತ್ತದೆ ನಿಜ, ಆದರೆ ಬೆಳೆದ ಹುಳುಗಳಲ್ಲಿ ಕೆಲವು ಕೆಸರಿನಲ್ಲಿ ಹುದುಗಿ ಬೇಸಗೆ ಕಳೆಯುತ್ತವೆ. ಲೋಳೆಯ ಮುದ್ದೆಗಳು ಕಡಿಮೆ ಕಂಡವೆಂದು ಧೈರ್ಯಗೊಳ್ಳುವುದೂ ತಪ್ಪು. ಮೊಟ್ಟೆ ನಿಲ್ಲಿಸಿದ ಹುಳುವೇ ಬಾಲದ ಮರಿಗಳನ್ನು ಉಗುಳುತ್ತಿರಬಹುದು. ಮೈಲುತುತ್ತ ಸುರಿಯುವವರಿದ್ದಾರೆ. ಅದರಿಂದ ಮೀನೂ ಸಾಯುತ್ತದೆ, ಮುಂದಿನ ಮಹಾಪೂರ ಹೊಸ ಬಸವನಹುಳುಗಳನ್ನು ತಂದು ಹಾಕುತ್ತದೆ.

ಇಂಡೋಪ್ಲಾನಾರ್ಬಿಸ್ ಎಂಬ ಚಪ್ಪಟೆ ಸುರುಳಿಯ ನಮ್ಮದೇ ಬಸವನಹುಳುವಿನಿಂದ ದನಗಳಿಗೆ ಮೂಗಿನ ಗೊರಕೆ ರೋಗ ಬರುತ್ತದೆ. ಅದಕ್ಕೆ ಕಾರಣವಾದ ಹುಳುವನ್ನು 1933ರಲ್ಲಿ ವರ್ಣಿಸಿದವರು ಮದರಾಸಿನ ಎಂ. ಅನಂತನಾರಾಯಣ ರಾವ್. ಇದೇ ಬಳಗದ ಹುಳುಮರಿಗಳು ನೀರಿಗಿಳಿದ ಮನುಷ್ಯರ ಚರ್ಮವನ್ನೂ ಹೊಕ್ಕು, ಅಲ್ಲೇ ಸತ್ತು, ತುರಿಕೆ ತರುತ್ತವೆ.

ಕಡಿಯಬೇಕಾದ ಕೊಂಡಿ ಸಗಣಿ ಮತ್ತು ನೀರಿನ ನಡುವಣದು. ಸಗಣಿಯನ್ನು ತಿಪ್ಪೆಯಲ್ಲಿ ಒಟ್ಟಿ ಕಾವೇರಲು ಬಿಟ್ಟರೆ ಹುಳುವಿನ ಮೊಟ್ಟೆ ಸಾಯುತ್ತದೆ. ದನಕ್ಕೆ ಹೊಂಡದ ಬದಲು ಬಾವಿಯ ನೀರನ್ನು ತೊಟ್ಟಿಯಲ್ಲಿ ತೋರಿಸಬೇಕು. ಔಷಧವನ್ನು ಪಶುವೈದ್ಯರು ಹೇಳಿದಂತೆ ಕೊಡಬೇಕು. ಕಾಲುವೆಯಂಚಿನ ಹಸಿ ಹುಲ್ಲು ಕೊಯ್ಯುವಾಗ ಕುಡುಗೋಲು ನೀರಿನ ಮಟ್ಟಕ್ಕಿಂತ ಮೇಲೆಯೇ ಆಡಲಿ, ಕೊಯ್ದದ್ದು ಚೆನ್ನಾಗಿ ಬಿಸಿಲು ಕಾಣಲಿ.